ಮಾನೇಸರದಲ್ಲಿ ಉತ್ತರಾಯಣ

ನಮ್ಮ ಹಬ್ಬಗಳಲ್ಲಿ ಬಹುಪಾಲು ಚಂದ್ರನ ವೃದ್ಧಿಕ್ಷಯಗಳನ್ನು ಅನುಸರಿಸಿ ವರ್ಷದಿಂದ ವರ್ಷಕ್ಕೆ ಹಿಂದುಮುಂದಾಗಿ ಸರಿಯುವಂಥವಾದರೆ, ಮಕರಸಂಕ್ರಾಂತಿ ಮಾತ್ರ ಸೂರ್ಯನ ಗತಿಯನ್ನೇ ನೆಚ್ಚಿಕೊಂಡು ಜನವರಿ ತಿಂಗಳ 14ರಂದೋ, ಒಮ್ಮೊಮ್ಮೆ 15ರಂದೋ ತಪ್ಪದೆ ಬಂದು ನಮ್ಮ ಬಾಗಿಲಲ್ಲಿ ನಿಲ್ಲುತ್ತದೆ. ಅದಕ್ಕೆ ಮಣ್ಣಿನ ಮೂರ್ತಿ ಬೇಡ, ಮಂಟಪ ಬೇಡ, ದಿನಗಟ್ಟಲೆ ನಡೆಯುವ ವ್ರತವಿಧಿಗಳೂ ಬೇಡ. ಒಂದು ಹಿಡಿ ಎಳ್ಳು, ಒಂದು ಚೂರು ಬೆಲ್ಲ, ಹೊಸ ಬೆಳೆಯ ಒಂದು ಬೊಗಸೆ ಕಾಳು, ಇಷ್ಟಿದ್ದರೆ ಎಂಥ ಬಡವನ ಮನೆಯಲ್ಲಿಯೂ ಸಂಕ್ರಾಂತಿ ಸಾಂಗವಾಗಿ ನೆರವೇರುತ್ತದೆ. ಪಡೆದುದನ್ನು ನೆನೆಯುವುದು, ಅದರಲ್ಲಿ ಒಂದು ಪಾಲನ್ನು ಇನ್ನೊಬ್ಬರ ಕೈಯಲ್ಲಿ ಇಡುವುದು, ಇಟ್ಟಾದ ಮೇಲೆ ಒಳ್ಳೆಯ ಮಾತನ್ನಾಡುವುದು, ಈ ಮೂರೇ ಅದರ ಸಮಸ್ತ ಶಾಸ್ತ್ರ. ಬಾಲ್ಯದಿಂದ ಈ ಹಬ್ಬವನ್ನು ಆಚರಿಸುತ್ತ ಬಂದ ನನಗೆ, ಅದರ ಸರಳತೆಯ ಒಳಗೆ ಅಡಗಿರುವ ಕೃತಜ್ಞತೆಯ ಆಳವು ಗೋಚರವಾದದ್ದು, ಹುಟ್ಟಿದ ನೆಲದಿಂದ ಬಹುದೂರದಲ್ಲಿರುವ ಹರಿಯಾಣದ ಮಾನೇಸರವೆಂಬ ಕಾರ್ಖಾನೆಗಳ ಊರಿನಲ್ಲಿ.

ದೆಹಲಿಯಿಂದ ಜಯಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಗುರುಗ್ರಾಮವನ್ನು ದಾಟಿ ನೈಋತ್ಯಕ್ಕೆ ಸಾಗಿದರೆ, ಅರಾವಳಿಯ ತಗ್ಗು ಗುಡ್ಡಗಳ ಸೆರಗಿನಲ್ಲಿ ಮಾನೇಸರ ಸಿಕ್ಕುತ್ತದೆ. ಒಂದು ಕಾಲಕ್ಕೆ ಸಜ್ಜೆ, ಗೋಧಿ, ಸಾಸಿವೆಗಳನ್ನು ಬೆಳೆಯುತ್ತಿದ್ದ ಈ ಸೀಮೆಯಲ್ಲಿ 1990ರ ದಶಕದಿಂದೀಚೆಗೆ ಹರಿಯಾಣ ಸರ್ಕಾರವು ಕೈಗಾರಿಕಾ ನಗರವನ್ನು ಕಟ್ಟತೊಡಗಿತು. 2001ರಲ್ಲಿ ಹೋಂಡಾದವರ ದ್ವಿಚಕ್ರ ವಾಹನಗಳ ಕಾರ್ಖಾನೆ, 2007ರಲ್ಲಿ ಮಾರುತಿ ಕಾರುಗಳ ಎರಡನೆಯ ಕಾರ್ಖಾನೆ, ಅವುಗಳ ಬೆನ್ನಿಗೇ ಬಿಡಿಭಾಗಗಳನ್ನು ಮಾಡುವ ನೂರಾರು ಸಣ್ಣಪುಟ್ಟ ಕಾರ್ಖಾನೆಗಳು ಇಲ್ಲಿ ನೆಲೆಯೂರಿದುವು. ರಾಷ್ಟ್ರೀಯ ಭದ್ರತಾ ದಳದ ಶಿಬಿರವಿರುವುದೂ ಇಲ್ಲಿಯೇ. 2003ರ ಡಿಸೆಂಬರಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮರು ದೇಶಕ್ಕೆ ಸಮರ್ಪಿಸಿದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವಿರುವುದೂ ಇಲ್ಲಿಯೇ. ಹೀಗೆ ಭಾರತದ ನಾನಾ ಮೂಲೆಗಳಿಂದ ಅನ್ನವನ್ನೂ ವಿದ್ಯೆಯನ್ನೂ ಅರಸಿಕೊಂಡು ಬಂದ ಜನರ ನಡುವೆ ಕನ್ನಡ ಮಾತನಾಡುವ ಮನೆಗಳೂ ಅಲ್ಲೊಂದು ಇಲ್ಲೊಂದು ಉಂಟು. ಅಂಥ ಒಂದು ಮನೆ ನನ್ನ ಮಗನದು. ವಿಜಯಪುರದ ಸೀಮೆಯವರಾದ ನಾವು, ಮುದುಕ ಮುದುಕಿ ಇಬ್ಬರೂ, ಸೊಲ್ಲಾಪುರದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ, ಗಂಟುಮೂಟೆಗಳ ಸಮೇತ, ಸಂಕ್ರಾಂತಿಗೆಂದು ಆ ಮನೆಗೆ ಹೋದೆವು.

ಸೂರ್ಯನ ಬೆಲೆ

ದಕ್ಷಿಣದಲ್ಲಿ ಹುಟ್ಟಿ ಬೆಳೆದವರಿಗೆ ಸೂರ್ಯನು ಎಂದೂ ದೂರವಾದ ನೆಂಟನಲ್ಲ. ವಿಜಯಪುರದಲ್ಲಿ ಸಂಕ್ರಾಂತಿಯ ದಿನ ಹಗಲಿನ ಪ್ರಮಾಣ ಹನ್ನೊಂದು ಗಂಟೆಗೂ ಮಿಕ್ಕಿರುತ್ತದೆ. ಬೆಳಗಿನ ಚಳಿ ಎಷ್ಟೇ ಚುರುಕಾಗಿರಲಿ, ಹೊತ್ತು ಒಂದು ಮಾರು ಏರುವಷ್ಟರಲ್ಲಿ ಬಯಲೆಲ್ಲ ಬೆಚ್ಚಗಾಗುತ್ತದೆ. ಆದಕಾರಣ ಉತ್ತರಾಯಣ ಪುಣ್ಯಕಾಲವೆಂದು ಪಂಚಾಂಗದಲ್ಲಿ ಓದುವಾಗ, ಹೊರಟುಹೋದವನು ತಿರುಗಿ ಬರುತ್ತಿದ್ದಾನೆಂಬ ಅನುಭವ ನಮಗೆ ಅಷ್ಟಾಗಿ ಆಗುವುದಿಲ್ಲ. ಹಿರಿಯರು ಹೇಳಿದರೆಂದು ನಾವು ಅದನ್ನು ಗೌರವದಿಂದ ಒಪ್ಪಿಕೊಳ್ಳುತ್ತೇವೆ. ಮಾನೇಸರದ ಸ್ಥಿತಿ ಬೇರೆ. ಅಲ್ಲಿ ಅದೇ ದಿನ ಹಗಲು ಸುಮಾರು ಹತ್ತೂವರೆ ಗಂಟೆ ಮಾತ್ರ. ಬೆಳಗಿನ ಏಳು ದಾಟಿದ ಮೇಲೆ ಉದಯವಾದರೂ, ಮಂಜು ಕವಿದ ದಿನಗಳಲ್ಲಿ ಹನ್ನೊಂದು ಗಂಟೆಯವರೆಗೂ ಬಿಂಬದ ದರ್ಶನವೇ ಆಗದು. ಹೆದ್ದಾರಿಯ ಲಾರಿಗಳು ಹಗಲಿನಲ್ಲಿಯೂ ದೀಪ ಹೊತ್ತಿಸಿಕೊಂಡು ತಡವರಿಸುತ್ತ ಹೋಗುತ್ತವೆ. ಕಟ್ಟಕಡೆಗೆ ಮಂಜು ಹರಿದು, ಎಳೆಯ ಬಿಸಿಲು ಮಾಳಿಗೆಯ ಮೇಲೆ ಬಿದ್ದಿತೆಂದರೆ, ಕೂಸುಗಳನ್ನೂ ಮುದುಕರನ್ನೂ ಉಪ್ಪಿನಕಾಯಿಯ ಜಾಡಿಗಳನ್ನೂ ಎತ್ತಿಕೊಂಡು ಮನೆಮಂದಿಯೆಲ್ಲ ಮೇಲಕ್ಕೆ ಧಾವಿಸುತ್ತಾರೆ. ಮೂರು ಗಂಟೆಯಾಗುತ್ತಲೇ ಆ ಬಿಸಿಲು ಕಾವು ಕಳೆದುಕೊಂಡು ಹಿಂಜರಿಯುತ್ತದೆ.

ಈ ನೆಲದಲ್ಲಿಯೇ, ಇದೇ ಹರಿಯಾಣದ ಕುರುಕ್ಷೇತ್ರದಲ್ಲಿ, ಶರಶಯ್ಯೆಯ ಮೇಲೆ ಮಲಗಿದ ಭೀಷ್ಮನು ಐವತ್ತೆಂಟು ರಾತ್ರಿಗಳನ್ನು ಕಳೆದು ಉತ್ತರಾಯಣವನ್ನು ಕಾದನೆಂದು ಮಹಾಭಾರತ ಹೇಳುತ್ತದೆ. ಆ ಕಥೆಯನ್ನು ಎಷ್ಟು ಸಲ ಕೇಳಿದ್ದರೂ, ಅಷ್ಟೊಂದು ಬಾಣಗಳ ವೇದನೆಯಲ್ಲಿಯೂ ಒಬ್ಬನು ಸೂರ್ಯನ ಮರಳುವಿಕೆಗಾಗಿ ಪ್ರಾಣವನ್ನು ಹಿಡಿದುಕೊಂಡಿದ್ದನೆಂಬುದರ ಅರ್ಥ, ಅಲ್ಲಿನ ಮಾಘದ ಹತ್ತಿರದ ಚಳಿಯನ್ನು ಮೈಯಾರ ಅನುಭವಿಸಿದಾಗ ಬೇರೊಂದು ತೆರನಾಗಿ ಮನಸ್ಸನ್ನು ನಾಟುತ್ತದೆ. ಭೀಷ್ಮನು ಆ ಕಾಲವನ್ನು ನರಳುತ್ತ ಕಳೆಯದೆ, ತಾನು ಬಲ್ಲ ಧರ್ಮವನ್ನೆಲ್ಲ ಧರ್ಮರಾಯನಿಗೆ ಹೇಳಿ ಮುಗಿಸಿದನೆಂಬುದು ಗಮನಿಸತಕ್ಕ ಸಂಗತಿ. ತಾನು ಪಡೆದುದನ್ನು ಹಿಂದಿರುಗಿಸದೆ ಹೋಗಬಾರದೆಂಬ ಕಳಕಳಿ ಅದು.

ಜ್ಯೋತಿಷವನ್ನು ಬಲ್ಲವರು ಇಲ್ಲಿ ಒಂದು ಸೂಕ್ಷ್ಮವನ್ನು ಎತ್ತಿ ತೋರಿಸಬಹುದು. ಸೂರ್ಯನು ನಿಜವಾಗಿ ಉತ್ತರಾಭಿಮುಖನಾಗುವುದು ಡಿಸೆಂಬರ್ 21 ಅಥವಾ 22ರಂದು. ಮಕರರಾಶಿಯ ಪ್ರವೇಶವೂ ಆ ತಿರುವೂ ಒಂದೇ ದಿನ ಸಂಧಿಸುತ್ತಿದ್ದುದು ಸುಮಾರು 1,700 ವರ್ಷಗಳ ಹಿಂದೆ. ಭೂಮಿಯ ಅಕ್ಷದ ಮಂದವಾದ ತಿರುಗಾಟದಿಂದಾಗಿ ಎಪ್ಪತ್ತು ಎಪ್ಪತ್ತೆರಡು ವರ್ಷಕ್ಕೆ ಒಂದೊಂದು ದಿನದಂತೆ ಇವೆರಡೂ ಅಗಲುತ್ತ ಬಂದಿವೆ. ಈ ಮಾತು ಸತ್ಯವೇ. ಆದರೂ ಸಂಕ್ರಾಂತಿಯ ವೇಳೆಗೆ ಮಾನೇಸರದ ಹಗಲು ಹತ್ತು ನಿಮಿಷಗಳಷ್ಟು ಬೆಳೆದಿರುತ್ತದೆ. ಬೆಳಗಿನ ಉದಯದಲ್ಲಿ ಅದು ತೋರದೆ ಹೋದರೂ, ಸಂಜೆಯ ಬೆಳಕು ಮೊದಲಿಗಿಂತ ಕೊಂಚ ಹೆಚ್ಚು ಹೊತ್ತು ಗೋಡೆಯ ಮೇಲೆ ನಿಲ್ಲುವುದನ್ನು ಗಮನವಿಟ್ಟು ನೋಡಿದವರು ಕಾಣಬಲ್ಲರು. ತಿರುಗಿದ ಕ್ಷಣದಲ್ಲಿ ಯಾರಿಗೂ ಕಾಣದ ಉಪಕಾರವು ಇಷ್ಟು ದಿನಗಳ ಮೇಲೆ ಕಣ್ಣಿಗೆ ಬೀಳುತ್ತದೆ; ಬಿದ್ದ ಮೇಲೆ ನಾವು ಕೈಮುಗಿಯುತ್ತೇವೆ. ಮನುಷ್ಯನ ಕೃತಜ್ಞತೆ ಬಹುಮಟ್ಟಿಗೆ ಹೀಗೆಯೇ ತಡವಾಗಿ ಬರುತ್ತದೆ. ತಡವಾದರೂ ಅದು ಬರುವುದು ಶ್ರೇಯಸ್ಕರ.

ಒಯ್ಯಲಾಗದ ಹಿಟ್ಟು

ಉತ್ತರ ಕರ್ನಾಟಕದಲ್ಲಿ ಸಂಕ್ರಾಂತಿಯ ಹಿಂದಿನ ದಿನ ಭೋಗಿ. ಅಂದು ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಬದನೆಯ ಎಣ್ಣೆಗಾಯಿ, ಹಸಿ ಕಡಲೆ, ಅವರೆ, ಗಜ್ಜರಿಗಳನ್ನೆಲ್ಲ ಕೂಡಿಸಿ ಮಾಡಿದ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳಿನ ಚಟ್ನಿ, ಕೆನೆಮೊಸರು, ಇವುಗಳಿಂದ ಆಗುವ ಊಟಕ್ಕೆ ಮೃಷ್ಟಾನ್ನದ ಆಡಂಬರವಿಲ್ಲ. ಹೊಲದಲ್ಲಿ ಆ ಕಾಲಕ್ಕೆ ಏನು ಬೆಳೆದಿರುವುದೋ ಅದೇ ಎಡೆಗೆ ಬರುತ್ತದೆ. ನಾವು ಊರಿನಿಂದ ಹೊರಡುವಾಗ ಮಹಾಲಿಂಗಪುರದ ಬೆಲ್ಲ, ತಿಪಟೂರಿನ ಕೊಬ್ಬರಿ, ಬಿಳಿಯ ಎಳ್ಳು, ಪುಟಾಣಿ, ಶೇಂಗಾ, ಎರಡು ಬಗೆಯ ಚಟ್ನಿಪುಡಿ ಇವನ್ನೆಲ್ಲ ಕಟ್ಟಿಕೊಂಡಿದ್ದೆವು. ಸಜ್ಜೆಯ ಹಿಟ್ಟನ್ನು ಮಾತ್ರ ಕಟ್ಟಿಕೊಳ್ಳಲಿಲ್ಲ. ಸಜ್ಜೆಯ ಕಾಳಿನಲ್ಲಿ ಎಣ್ಣೆಯ ಅಂಶ ಹೆಚ್ಚಾದ್ದರಿಂದ, ಬೀಸಿದ ಹಿಟ್ಟು ಕೆಲವೇ ದಿನಗಳಲ್ಲಿ ಕಮಟಿ ಕಹಿಯಾಗುತ್ತದೆಂಬುದು ರೊಟ್ಟಿ ಬಡಿಯುವ ಹೆಣ್ಣುಮಕ್ಕಳೆಲ್ಲರೂ ಬಲ್ಲ ವಿಷಯ. ಹಬ್ಬದ ಮುಖ್ಯ ಪದಾರ್ಥವೇ ಹೀಗೆ ಒಯ್ಯಲಾಗದಂಥದಾಗಿ, ಅದಿಲ್ಲದೆಯೇ ಭೋಗಿಯನ್ನು ಕಳೆಯಬೇಕಾದೀತೆಂದು ನನ್ನ ಹೆಂಡತಿ ರೈಲಿನಲ್ಲಿಯೇ ಮನಸ್ಸನ್ನು ಸಿದ್ಧಮಾಡಿಕೊಂಡಿದ್ದಳು.

ಆದರೆ ದೈವಕೃಪೆಯಿಂದ ನಾವು ಹೋದದ್ದು ಸಜ್ಜೆಯ ಸೀಮೆಗೇ. ರೇವಾಡಿ, ಮಹೇಂದ್ರಗಢ, ಭಿವಾನಿ, ಈ ಜಿಲ್ಲೆಗಳ ಮರಳುಮಿಶ್ರಿತ ನೆಲದಲ್ಲಿ ಮಳೆಗಾಲದ ಬೆಳೆಯೆಂದರೆ ಸಜ್ಜೆ. ಚಳಿಗಾಲದಲ್ಲಿ ಅಲ್ಲಿನ ಜನ ಅದರ ರೊಟ್ಟಿಯನ್ನೂ ಕಿಚಡಿಯನ್ನೂ ತುಪ್ಪ ಬೆಲ್ಲಗಳೊಡನೆ ಉಣ್ಣುತ್ತಾರೆ. ಕೊಪ್ಪಳ, ರಾಯಚೂರು, ಬಾಗಲಕೋಟೆ, ವಿಜಯಪುರಗಳ ಒಣನೆಲವನ್ನು ಸಾಕಿದ ಧಾನ್ಯವೇ ಅರಾವಳಿಯ ಈ ಒಣನೆಲವನ್ನೂ ಸಾಕಿದೆ. ಆಫ್ರಿಕಾ ಖಂಡದ ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿ ಮೊದಲು ಬೇಸಾಯಕ್ಕೆ ಒಳಪಟ್ಟು, ಮೂರು ಸಾವಿರ ವರ್ಷಗಳಿಗೂ ಹಿಂದೆಯೇ ಭಾರತಕ್ಕೆ ಬಂದು ನೆಲೆಸಿದ ಈ ಧಾನ್ಯವು, ನೀರು ಕೇಳದೆ, ಗೊಬ್ಬರ ಕೇಳದೆ, ಬರಗಾಲದಲ್ಲಿ ಬಡವನ ಕೈಬಿಡದೆ ಬಂದುದು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಪಟ್ಟಣಿಗರು ಇಂಥ ಧಾನ್ಯಗಳತ್ತ ತಿರುಗಿ ನೋಡಿದರು. ಭೋಗಿಯ ದಿನ ಸಜ್ಜೆಯನ್ನು ಎಡೆಗೆ ಇಡುತ್ತ ಬಂದ ನಮ್ಮ ಅಜ್ಜಿಯಂದಿರು ಆ ಗೌರವವನ್ನು ಎಂದೋ ಸಲ್ಲಿಸಿದ್ದರು.

ಮಗನ ಕುಟುಂಬ ಬಾಡಿಗೆಗಿರುವ ಮನೆಯ ಒಡತಿ ಕೆಳ ಅಂತಸ್ತಿನಲ್ಲಿ ವಾಸವಾಗಿದ್ದಾಳೆ. ಆಕೆಯ ಮನೆತನದ ಹೊಲಗಳಲ್ಲಿ ಈಗ ಕಾರ್ಖಾನೆಗಳು ನಿಂತಿವೆ. ಆದರೂ ಅಂಗಳದಲ್ಲಿ ಒಂದು ಎಮ್ಮೆಯುಂಟು, ರೇವಾಡಿಯ ಕಡೆಯ ನೆಂಟರಿಂದ ವರ್ಷಕ್ಕೊಮ್ಮೆ ಸಜ್ಜೆಯ ಚೀಲ ಬರುವುದುಂಟು. ನಾವು ಬಂದ ಕಾರಣವನ್ನು ನನ್ನ ಸೊಸೆಯಿಂದ ತಿಳಿದ ಆ ತಾಯಿ ಮರುದಿನವೇ ಗಿರಣಿಗೆ ಕಾಳು ಕಳುಹಿಸಿ, ಇನ್ನೂ ಬಿಸಿಯಾರದ ಹಿಟ್ಟನ್ನು ಪಾತ್ರೆಯಲ್ಲಿ ತುಂಬಿಕೊಂಡು ಮೆಟ್ಟಿಲೇರಿ ಬಂದಳು. ಬೆಲೆಯ ಮಾತೆತ್ತಿದಾಗ ಆಕೆಗೆ ನೋವಾಯಿತೆಂದು ಮುಖದಿಂದಲೇ ತಿಳಿಯಿತು. ನಾವು ಆ ಮಾತನ್ನು ಅಲ್ಲಿಗೇ ಬಿಟ್ಟೆವು.

ಆ ಮೇಲೆ ಅಡಿಗೆಯ ಮನೆಯಲ್ಲಿ ನಡೆದುದನ್ನು ಕೊಂಚ ವಿಸ್ತರಿಸಿ ಹೇಳಬೇಕು. ನನ್ನ ಹೆಂಡತಿ ಕುದಿಯುವ ಎಸರನ್ನು ಹಿಟ್ಟಿಗೆ ಸುರಿದು, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿ, ಪರಾತದಲ್ಲಿ ಒಣಹಿಟ್ಟು ಉದುರಿಸಿಕೊಂಡು, ನಮ್ಮ ಕಡೆಯ ಪದ್ಧತಿಯಂತೆ ರೊಟ್ಟಿಯನ್ನು ಬಡಿಯತೊಡಗಿದಳು. ಬಡಿತಬಡಿತಕ್ಕೂ ರೊಟ್ಟಿ ತನ್ನಷ್ಟಕ್ಕೆ ತಾನೇ ತಿರುಗುತ್ತ ಅಗಲವಾಗುತ್ತಿತ್ತು. ಮೇಲೆ ಎಳ್ಳು ಉದುರಿಸಿ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿದಾಗ ಎದ್ದ ಹಬೆಯಲ್ಲಿ ಎಳ್ಳಿನ ಪರಿಮಳವೂ ಸಜ್ಜೆಯ ಪರಿಮಳವೂ ಬೆರೆತು, ಆ ಚಿಕ್ಕ ಮನೆಯೆಲ್ಲ ಊರಿನ ಮನೆಯಾಯಿತು. ಬಾಗಿಲಲ್ಲಿ ನಿಂತು ಎವೆಯಿಕ್ಕದೆ ನೋಡುತ್ತಿದ್ದ ಮನೆಯೊಡತಿ, ತಾನೂ ಕೈ ತೊಳೆದುಕೊಂಡು ಒಳಗೆ ಬಂದು, ಪರಾತದ ಹಂಗಿಲ್ಲದೆ ಎರಡು ಅಂಗೈಗಳ ನಡುವೆಯೇ ಉಂಡೆಯನ್ನು ತಟ್ಟಿ ತಟ್ಟಿ, ನಮ್ಮದಕ್ಕಿಂತ ದಪ್ಪವೂ ಕಿರಿದೂ ಆದ ರೊಟ್ಟಿಯನ್ನು ಮಾಡಿ ತೋರಿಸಿದಳು. ಒಬ್ಬಳಿಗೆ ಹಿಂದಿ ಬಾರದು, ಇನ್ನೊಬ್ಬಳಿಗೆ ಕನ್ನಡ ಬಾರದು. ಹಿಟ್ಟಿನ ಹದ ಇಬ್ಬರಿಗೂ ಬರುತ್ತಿತ್ತು. ಅಂದಿನ ಎಡೆಯಲ್ಲಿ ಎರಡು ಬಗೆಯ ರೊಟ್ಟಿಗಳನ್ನೂ ಒಟ್ಟಿಗೆ ಇಟ್ಟೆವು.

ಚಳಿಯ ಕೊಡುಗೆ

ಎಳ್ಳುಬೆಲ್ಲವನ್ನು ಸಿದ್ಧಪಡಿಸುವುದು ಮನೆಮಂದಿಯೆಲ್ಲರ ಪಾಲಿಗೂ ಬರುವ ಕೆಲಸ. ಒಬ್ಬರು ಕೊಬ್ಬರಿಯ ಕಪ್ಪು ಸಿಪ್ಪೆಯನ್ನು ಹೆರೆದು ಸಣ್ಣಗೆ ಹೆಚ್ಚಬೇಕು. ಒಬ್ಬರು ಅಚ್ಚಿನ ಬೆಲ್ಲವನ್ನು ಪುಡಿಯಾಗದಂತೆ ಚೂರುಮಾಡಬೇಕು. ಒಬ್ಬರು ಶೇಂಗಾ ಹುರಿದು ಹೊಟ್ಟು ಊದಬೇಕು. ಆ ಊದುವ ಭಾಗ್ಯ ಮೊಮ್ಮಗಳದು. ಮಗನಿಗೆ ಹಬ್ಬದ ದಿನ ಮಧ್ಯಾಹ್ನದ ಪಾಳಿಯ ಕೆಲಸವಿದ್ದುದರಿಂದ ಆತನು ಕೊಬ್ಬರಿ ಹೆಚ್ಚುವ ತನ್ನ ಪಾಲನ್ನು ರಾತ್ರಿಯೇ ಮುಗಿಸಿದನು. ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲರೂ ಸುತ್ತುಗಟ್ಟಿ ಕುಳಿತು, ಕೈ ಕೆಲಸದಲ್ಲಿ, ಬಾಯಿ ಮಾತಿನಲ್ಲಿ ತೊಡಗಿರುವಾಗ, ಊರಿನ ಸುದ್ದಿ, ತೀರಿಕೊಂಡ ಹಿರಿಯರ ನೆನಪು, ಮಗುವಿನ ಶಾಲೆಯ ಮಾತು, ಇವೆಲ್ಲವೂ ತಾವಾಗಿ ಬಂದುವು. ವರ್ಷವಿಡೀ ದೂರವಾಣಿಯಲ್ಲಿ ಆಡಿದ್ದರೂ ಆಡದೆ ಉಳಿದಿದ್ದ ಮಾತುಗಳು ಎಷ್ಟಿದ್ದುವೆಂಬುದು ಆಗ ತಿಳಿಯಿತು.

ಕುಸುರೆಳ್ಳು ಮಾಡುವ ಕೆಲಸಕ್ಕೆ ಇನ್ನೂ ಹೆಚ್ಚಿನ ತಾಳ್ಮೆ ಬೇಕು. ಅಗಲವಾದ ಪಾತ್ರೆಯಲ್ಲಿ ಎಳ್ಳನ್ನು ಹರಡಿ, ಇದೆಯೋ ಇಲ್ಲವೋ ಎಂಬಷ್ಟು ಸಣ್ಣ ಉರಿಯ ಮೇಲಿಟ್ಟು, ಹಾಲು ಹಾಕಿ ಕಸ ತೆಗೆದ ಸಕ್ಕರೆಯ ಪಾಕವನ್ನು ಚಮಚ ಚಮಚವಾಗಿ ಬಿಡುತ್ತ, ಬೆರಳ ತುದಿಗಳಿಂದ ಆಡಿಸುತ್ತಿರಬೇಕು. ಮೊದಲು ಎಳ್ಳಿಗೆ ಬಿಳಿಯ ತೆಳು ಹೊದಿಕೆ ಬರುತ್ತದೆ. ಆ ಮೇಲೆ ಅದು ದುಂಡಗಾಗುತ್ತದೆ. ಕೊನೆಗೆ, ಹವೆ ತಂಪಾಗಿದ್ದರೆ, ಮೈಯೆಲ್ಲ ಸಣ್ಣ ಸಣ್ಣ ಮುಳ್ಳುಗಳು ಏಳುತ್ತವೆ. ಅದಕ್ಕಾಗಿಯೇ ನಮ್ಮ ಕಡೆ ಹೆಂಗಸರು ನಸುಕಿನ ಚಳಿಯಲ್ಲಿ ಎದ್ದು ಈ ಕೆಲಸಕ್ಕೆ ಕುಳಿತುಕೊಳ್ಳುತ್ತಾರೆ. ಕಲಿಯಲು ಕುಳಿತ ಸೊಸೆಗೆ ನನ್ನ ಹೆಂಡತಿ, “ಅವಸರ ಮಾಡಬ್ಯಾಡವಾ, ಒಂದು ಚಮಚ ಆರಿದ ಮ್ಯಾಲೆ ಇನ್ನೊಂದು ಹಾಕು,” ಎಂದು ಹೇಳಿಕೊಡುತ್ತಿದ್ದಳು. ಮಾನೇಸರದ ಚಳಿಗೆ ಬೆದರಿ, ಬಂದ ದಿನದಿಂದ ಕಂಬಳಿ ಬಿಡದಿದ್ದ ಆಕೆ, ಆ ಮುಂಜಾನೆ ಕುಸುರೆಳ್ಳನ್ನು ಅಂಗೈಯಲ್ಲಿ ಹಿಡಿದು, “ಇಷ್ಟು ಚಲೋ ಮುಳ್ಳು ನಮ್ಮೂರಾಗ ಎಂದೂ ಬಂದಿದ್ದಿಲ್ಲ,” ಎಂದು ಹಿಗ್ಗಿದಳು. ಕಷ್ಟವೆಂದು ಎಣಿಸಿದ್ದ ಚಳಿಯೇ ಹಬ್ಬಕ್ಕೆ ತನ್ನ ಕಾಣಿಕೆಯನ್ನು ಕೊಟ್ಟಿತ್ತು. ಯಾವುದನ್ನು ನಾವು ದೂರುತ್ತಿರುವೆವೋ ಅದರಿಂದಲೂ ನಾವು ಏನನ್ನೋ ಪಡೆಯುತ್ತಿರುತ್ತೇವೆಂಬುದನ್ನು ಒಪ್ಪಿಕೊಳ್ಳಲು ಮನಸ್ಸಿಗೆ ದೊಡ್ಡತನ ಬೇಕು. ಆಕೆಗೆ ಅದು ಸಹಜವಾಗಿ ಬಂದಿತು.

ಮಕ್ಕಳ ಮೇಲೆ ಎರೆಯುವ ಬಾರೆಹಣ್ಣಿಗೂ ಅಲ್ಲಿ ಕೊರತೆಯಿರಲಿಲ್ಲ. ಅರಾವಳಿಯ ಕುರುಚಲಿನಲ್ಲಿ ಅದರ ಕಾಡುಪೊದೆಗಳು ಬೆಳೆಯುತ್ತವೆ. ಸಂತೆಯ ಗಾಡಿಗಳಲ್ಲಿ ದೊಡ್ಡ ಹಣ್ಣುಗಳು ರಾಶಿಯಾಗಿ ಬಂದಿರುತ್ತವೆ. ಬಾರೆಹಣ್ಣು, ಕಬ್ಬಿನ ಚೂರು, ಚುರುಮುರಿ, ಕುಸುರೆಳ್ಳುಗಳನ್ನು ಬೆರೆಸಿ ಮೊಮ್ಮಗಳ ತಲೆಯ ಮೇಲಿಂದ ಸುರಿದಾಗ, ಅವುಗಳನ್ನು ಆಯ್ದುಕೊಳ್ಳಲು ಓಡಿಬಂದ ನೆರೆಮನೆಗಳ ಮಕ್ಕಳಲ್ಲಿ ಬಿಹಾರದವರಿದ್ದರು, ಒಡಿಶಾದವರಿದ್ದರು, ರಾಜಸ್ಥಾನದವರಿದ್ದರು.

ಹಿರಿಯರ ಮುನಿಸು

ಹರಿಯಾಣದ ಜನರಿಗೂ ಇದು ದೊಡ್ಡ ಹಬ್ಬ. ‘ಸಕ್ರಾಂತ್’ ಎಂದು ಅವರು ಕರೆಯುತ್ತಾರೆ. ಕತ್ತಲಿರುವಾಗಲೇ ಎದ್ದು ಸ್ನಾನಮಾಡಿ, ಓಣಿಯಲ್ಲಿ ಬೆಂಕಿಯೊಟ್ಟಿ ಸುತ್ತಲೂ ಕಾಯಿಸಿಕೊಳ್ಳುತ್ತಾರೆ. ಎಳ್ಳಿನ ಉಂಡೆ, ರೇವಡಿ, ಗಜಕ್ ಹಂಚುತ್ತಾರೆ. ಹಸುಗಳಿಗೆ ಮೇವು ಕೊಡುತ್ತಾರೆ. ಮದುವೆಯಾದ ಅಕ್ಕತಂಗಿಯರ ಮನೆಗೆ ಅಣ್ಣತಮ್ಮಂದಿರು ತುಪ್ಪ, ಗೋಧಿ, ಬಟ್ಟೆಬರೆಗಳನ್ನು ಒಯ್ದು ಕೊಡುವ ವಾಡಿಕೆಯುಂಟು. ಹಳೆಯ ಮೈಸೂರಿನ ಕಡೆ ರೈತರು ಅಂದು ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ಬಲ್ಲವರಿಗೆ ಈ ಬೆಂಕಿಯೂ ಈ ಗೋಗ್ರಾಸವೂ ಅಪರಿಚಿತವೆನಿಸಲಾರವು.

ಆದರೆ ನಮ್ಮಲ್ಲಿ ನಾನು ಕಾಣದ, ಅಲ್ಲಿ ಕಂಡು ಮನಸ್ಸು ತುಂಬಿಬಂದ ಒಂದು ಪದ್ಧತಿ ಅವರಲ್ಲಿದೆ. ಸಂಕ್ರಾಂತಿಯ ಮುಂಜಾನೆ ಮನೆಯ ಹಿರಿಯರು ಮುನಿಸಿಕೊಂಡವರಂತೆ ಮುಖ ತಿರುಗಿಸಿ ಕುಳಿತುಬಿಡುತ್ತಾರೆ. ಸೊಸೆಯಂದಿರು ಹಾಡುತ್ತ ಬಂದು, ಅವರನ್ನು ನಾನಾ ಬಗೆಯಾಗಿ ಓಲೈಸಿ, ಹೆಗಲಿಗೆ ಶಾಲನ್ನೋ ಕಂಬಳಿಯನ್ನೋ ಹೊದಿಸಿ, ಸಿಹಿ ತಿನ್ನಿಸಿ, ಕಾಲಿಗೆರಗುತ್ತಾರೆ. ಆಗ ಹಿರಿಯರು ಪ್ರಸನ್ನರಾಗಿ ಆಶೀರ್ವದಿಸುತ್ತಾರೆ. ವರ್ಷದುದ್ದಕ್ಕೂ ಒಂದೇ ಸೂರಿನ ಕೆಳಗೆ ಬಾಳುವ ಜನರ ನಡುವೆ ಆಡಿದ, ಆಡದೆ ಉಳಿದ ನೋವುಗಳು ಎಷ್ಟೋ ಇರುತ್ತವೆ. ಹಿರಿಯರಿಗೆ ಮುನಿಯಲು ಒಂದು ದಿನವನ್ನೂ ಕಿರಿಯರಿಗೆ ಓಲೈಸಲು ಅದೇ ದಿನವನ್ನೂ ಗೊತ್ತುಮಾಡಿಕೊಟ್ಟ ಜನರ ಜೀವನವಿವೇಕವನ್ನು ಎಷ್ಟು ಕೊಂಡಾಡಿದರೂ ಸಲ್ಲುತ್ತದೆ. ಕೆಳಗಿನ ಅಂಗಳದಲ್ಲಿ ಹುರಿಮಂಚದ ಮೇಲೆ ಕುಳಿತಿದ್ದ ಮನೆಯೊಡೆಯನಿಗೆ ಆತನ ಸೊಸೆ ಶಾಲು ಹೊದಿಸುವುದನ್ನು ನಾವು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆವು. ಆ ಹೆಣ್ಣುಮಗಳು ಅಲ್ಲಿಗೇ ನಿಲ್ಲದೆ ಮೇಲಕ್ಕೆ ಬಂದು, ಈ ಮನೆಯಲ್ಲಿರುವ ಹಿರಿಯರೆಲ್ಲರೂ ತನಗೆ ಹಿರಿಯರೆಂದು ಹೇಳಿ, ನನ್ನ ಹೆಗಲಿಗೂ ನನ್ನ ಹೆಂಡತಿಯ ಹೆಗಲಿಗೂ ಶಾಲು ಹೊದಿಸಿ ನಮಸ್ಕರಿಸಿದಳು. ನನ್ನ ಸೊಸೆಯ ಕಣ್ಣುಗಳು ತುಂಬಿದುವು. ನಾವು ಆ ಹೆಣ್ಣುಮಗಳ ಕೈಗೆ ಎಳ್ಳುಬೆಲ್ಲವನ್ನೂ ಕುಸುರೆಳ್ಳನ್ನೂ ಇಟ್ಟು, ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತನಾಡಬೇಕೆಂಬ ನಮ್ಮ ಕಡೆಯ ಮಾತನ್ನು ಮೊಮ್ಮಗಳ ಬಾಯಿಂದ ಹಿಂದಿಯಲ್ಲಿ ಹೇಳಿಸಿದೆವು.

ನಾವು ಹೀಗೆ ಮನೆಯೊಳಗೇ ಹಬ್ಬ ಮಾಡಿದೆವಾದರೂ, ದೆಹಲಿಯಲ್ಲಿ ಕನ್ನಡಿಗರು ದೊಡ್ಡ ಪ್ರಮಾಣದಲ್ಲಿ ಕಲೆಯಲು ಸ್ಥಳಗಳು ಇಲ್ಲದೆ ಇಲ್ಲ. 1948ರಲ್ಲಿ ಸ್ಥಾಪಿತವಾದ ದೆಹಲಿ ಕರ್ನಾಟಕ ಸಂಘವು ತನ್ನ ಎಪ್ಪತ್ತೈದು ವರ್ಷಗಳನ್ನು ಪೂರೈಸಿ ವೈಭವದಿಂದ ಉತ್ಸವವನ್ನು ಆಚರಿಸಿಕೊಂಡಿದೆ. ಲೋಧಿ ಎಸ್ಟೇಟಿನಲ್ಲಿ ಕನ್ನಡ ಶಾಲೆಯಿದೆ. ಸಂಘದ ಭವನವಿರುವ ರಸ್ತೆಗೆ, 1857ರ ಸಂಗ್ರಾಮದಲ್ಲಿ ಹೋರಾಡಿದ ರೇವಾಡಿಯ ರಾವ್ ತುಲಾರಾಮನ ಹೆಸರಿದೆ. ನಮಗೆ ಸಜ್ಜೆ ಬಂದದ್ದೂ ಆ ವೀರನ ಸೀಮೆಯಿಂದಲೇ. ಸಂಘದ ಉತ್ಸವಗಳು ಭಾಷೆಯನ್ನು ಕಾಪಾಡುತ್ತವೆ. ಅವುಗಳಿಗೆ ನನ್ನ ನಮಸ್ಕಾರ. ಆದರೆ ಪಾಳಿಯ ಕೆಲಸದ ನಡುವೆ ಅರ್ಧದಿನ ಮಾತ್ರ ಕೈಗೆ ಸಿಕ್ಕುವ ಸಂಸಾರಗಳಿಗೆ, ಮನೆಯೊಳಗಿನ ಚಿಕ್ಕ ಹಬ್ಬವೇ ಆಧಾರ.

ಕಾಣದ ಕೈಗಳು

ಊಟಕ್ಕೆ ಕುಳಿತಾಗ ನನ್ನ ಮೊಮ್ಮಗಳು, “ಅಜ್ಜಾ, ಇವತ್ತು ಯಾವ ದೇವರ ಹಬ್ಬ?” ಎಂದು ಕೇಳಿದಳು. ಸೂರ್ಯದೇವರದೆಂದು ಹೇಳಿದೆ. ಹೇಳಿದ ಮೇಲೆ, ಅಷ್ಟೇ ಹೇಳಿ ನಿಲ್ಲಿಸಿದರೆ ಉತ್ತರ ಪೂರ್ಣವಾಗದೆಂದು ತೋರಿ, ಎಲೆಯ ಮೇಲಿದ್ದ ಒಂದೊಂದನ್ನೂ ತೋರಿಸಿ, ಇದು ಯಾರಿಂದ ಬಂತು, ಇದು ಯಾರಿಂದ ಬಂತು ಎಂದು ಆಕೆಯನ್ನೇ ಕೇಳುತ್ತ ಹೋದೆ. ರೊಟ್ಟಿ ಕೆಳಗಿನ ಮನೆಯ ಅಜ್ಜಿಯಿಂದ. ಕೊಬ್ಬರಿ ತಿಪಟೂರಿನ ತೋಟದವರಿಂದ. ಬೆಲ್ಲ ಗಾಣದ ಮುಂದೆ ಬೆಂಕಿಯ ಕಾವಿನಲ್ಲಿ ನಿಂತವರಿಂದ. ಮೊಸರು ಅಂಗಳದ ಎಮ್ಮೆಯಿಂದ. ಇವನ್ನೆಲ್ಲ ಹೊತ್ತು ತಂದ ರೈಲನ್ನು ಮಂಜಿನಲ್ಲಿ ನಡೆಸಿದವರೂ, ಹಳಿಯನ್ನು ಕಾಯ್ದವರೂ ಆ ಪಟ್ಟಿಯಲ್ಲಿ ಸೇರಿದರು. ಎಣಿಸಿದಷ್ಟೂ ಪಟ್ಟಿ ಬೆಳೆಯಿತು.

ಮಾನೇಸರದಲ್ಲಿ ಕುಳಿತು ಆ ಪಟ್ಟಿಯನ್ನು ಎಣಿಸುವ ಕನ್ನಡಿಗನು ಇನ್ನೊಂದು ಹೆಸರನ್ನು ಬಿಡಲಾರನು. ಬೆಂಗಳೂರಿನಲ್ಲಿ ಓದಿ ಬೆಳೆದು, ಸೈನ್ಯವನ್ನು ಸೇರಿ, 1984ರಲ್ಲಿ ಸ್ಥಾಪಿತವಾದ, ಇಲ್ಲಿ ಶಿಬಿರವಿರುವ ರಾಷ್ಟ್ರೀಯ ಭದ್ರತಾ ದಳಕ್ಕೆ ಬಂದ ಮೇಜರ್ ಸಂದೀಪ್ ಉನ್ನಿಕೃಷ್ಣನ್, 2008ರ ನವೆಂಬರ್ 28ರಂದು ಮುಂಬಯಿಯ ತಾಜ್ ಹೋಟೆಲಿನಲ್ಲಿ ಭಯೋತ್ಪಾದಕರೊಡನೆ ಹೋರಾಡುತ್ತ, ಗಾಯಗೊಂಡ ತನ್ನ ಸಂಗಡಿಗನನ್ನು ಸುರಕ್ಷಿತವಾಗಿ ಕಳುಹಿಸಿ, ತಾನು ಮುಂದೆ ನಡೆದು ವೀರಮರಣವನ್ನು ಹೊಂದಿದನು. ರಾಷ್ಟ್ರವು ಅವನಿಗೆ ಅಶೋಕಚಕ್ರವನ್ನು ಸಲ್ಲಿಸಿತು. ಅವನಂಥ ತರುಣರು ಎಷ್ಟೋ ಮಂದಿ ಇಂದಿಗೂ ಆ ಶಿಬಿರದ ಗೋಡೆಗಳೊಳಗೆ, ಯಾವ ಹಬ್ಬದಂದು ಎಲ್ಲಿಗೆ ಕರೆ ಬರುವುದೋ ಎಂದು ಸನ್ನದ್ಧರಾಗಿದ್ದಾರೆ. ಅವರ ತಾಯಂದಿರು ಊರುಗಳಲ್ಲಿ ಅವರಿಲ್ಲದೆಯೇ ಎಳ್ಳುಬೆಲ್ಲ ಬೀರುತ್ತಾರೆ. ನಾವು ಮಗ ಸೊಸೆ ಮೊಮ್ಮಗಳೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಸುಖಕ್ಕೆ ಆ ಅಗಲಿಕೆಗಳೂ ಕಾರಣವೆಂಬುದನ್ನು ಮರೆತರೆ ನಮ್ಮ ಊಟ ಅಪೂರ್ಣ.

ಅವರಲ್ಲದೆ, ಕೈಗಾರಿಕಾ ನಗರದ ಅಂಚಿನ ಹಳ್ಳಿಗಳಲ್ಲಿ, ಒಂದೊಂದು ಕೋಣೆಯಲ್ಲಿ ನಾಲ್ಕಾರು ಜನ ಸೇರಿ ಬಾಡಿಗೆಗಿದ್ದು, ಪಾಳಿಯ ಪ್ರಕಾರ ಮಲಗುವ ಕಾರ್ಮಿಕರಿದ್ದಾರೆ. ಅವರ ಹಬ್ಬ ಸರಳವಾಗಿರುವುದು ಅವರ ಇಚ್ಛೆಯಿಂದಲ್ಲ. ಹೆಂಡತಿ ಮಕ್ಕಳನ್ನು ನೂರಾರು ಮೈಲಿ ದೂರದಲ್ಲಿ ಬಿಟ್ಟು ಬಂದವರ ಮುಂದೆ ಸರಳತೆಯ ಹಿರಿಮೆಯನ್ನು ಬೋಧಿಸುವುದು ನ್ಯಾಯವಲ್ಲ. ಇರುವಲ್ಲಿ ಮಿತವಾಗಿ ಬಾಳುವುದು ಗುಣ. ಇಲ್ಲದವನ ಇಲ್ಲವನ್ನು ಗುಣವೆಂದು ಹೊಗಳುವುದು ಕಠೋರತೆ. ಕೃತಜ್ಞತೆಯು ನಮ್ಮನ್ನು ನಮ್ಮ ಸುಖದಲ್ಲಿಯೇ ತೃಪ್ತರನ್ನಾಗಿ ಕೂಡಿಸಿಬಿಟ್ಟರೆ ಅದು ಕೃತಜ್ಞತೆಯ ವೇಷ ಮಾತ್ರ; ನಿಜವಾದುದು ಎದ್ದು ನಿಂತು, ಎಳ್ಳುಬೆಲ್ಲದ ತಟ್ಟೆಯನ್ನು ಹಿಡಿದುಕೊಂಡು ಇನ್ನೊಬ್ಬರ ಬಾಗಿಲಿಗೆ ಹೋಗುತ್ತದೆ.

ಸರಳತೆಯ ಪ್ರಯೋಜನ

ಈ ತತ್ತ್ವ ನಮ್ಮ ಪರಂಪರೆಗೆ ಹೊಸದಲ್ಲ. ಗೃಹಸ್ಥನಾದವನು ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ, ಮನುಷ್ಯರಿಗೆ, ಸಕಲ ಪ್ರಾಣಿಗಳಿಗೆ ದಿನದಿನವೂ ಸಲ್ಲಿಸತಕ್ಕ ಪಂಚಮಹಾಯಜ್ಞಗಳನ್ನು ಪ್ರಾಚೀನರು ವಿಧಿಸಿದರು. ಹನ್ನೆರಡನೆಯ ಶತಮಾನದ ಶರಣರು ದಾಸೋಹವೆಂದು ಅದನ್ನೇ ಬಾಗಿಲಿಗೆ ಬಂದ ಎಲ್ಲರಿಗೂ ತೆರೆದರು. ನಮ್ಮ ಸೀಮೆಯ ಸಂಕ್ರಾಂತಿಯಲ್ಲಿ ಆ ಶರಣರ ನೆನಪು ಹಾಸುಹೊಕ್ಕಾಗಿದೆ. ಕೃಷ್ಣೆ ಮಲಪ್ರಭೆಗಳು ಕೂಡುವ ಕೂಡಲಸಂಗಮದಲ್ಲಿ ಜನ ಅಂದು ಮೈಗೆ ಎಳ್ಳು ಹಚ್ಚಿಕೊಂಡು ಮೀಯುತ್ತಾರೆ. ವಿಜಯಪುರದಲ್ಲಿ ಸಿದ್ಧೇಶ್ವರನ ಜಾತ್ರೆಯೂ ದನಗಳ ಸಂತೆಯೂ ಕೂಡುತ್ತವೆ. ಕನ್ನಡಿಗರೂ ಮರಾಠಿಗರೂ ಬೆರೆತು ಬಾಳುವ ಸೊಲ್ಲಾಪುರದಲ್ಲಿ ಸಿದ್ಧರಾಮನ ನಂದಿಧ್ವಜಗಳು ಮೆರವಣಿಗೆ ಹೊರಡುತ್ತವೆ. ಸೊಲ್ಲಾಪುರದ, ಅಂದರೆ ಅಂದಿನ ಸೊನ್ನಲಿಗೆಯ, ಆ ಶರಣ ಸಿದ್ಧರಾಮನು ಊರಿಗಾಗಿ ಕೆರೆಯನ್ನು ತೋಡಿಸಿದವನು. ಭಕ್ತಿ ಉಕ್ಕಿದಾಗ ಅದು ಬಾಯಾರಿದವರಿಗೆ ನೀರಾಗಿ ಹರಿಯಬೇಕೆಂದು ಕಂಡುಕೊಂಡವನ ಹೆಸರಿನಲ್ಲಿ ಜಾತ್ರೆ ನಡೆಯುವುದು ಇದೇ ಹಬ್ಬದಂದೆಂಬುದು ಉಚಿತವಾಗಿಯೇ ಇದೆ.

ಹಬ್ಬವನ್ನು ಸರಳವಾಗಿ ಆಚರಿಸಬೇಕೆನ್ನುವವರು ಸಾಮಾನ್ಯವಾಗಿ ಖರ್ಚಿನ ಮಾತನ್ನು ಮುಂದೆ ಮಾಡುತ್ತಾರೆ. ಅದು ಸರಿಯಾದರೂ ಸಣ್ಣ ಕಾರಣ. ಅಂಗಡಿಯಿಂದ ಬಂದ ಪೆಟ್ಟಿಗೆಗಳು ಮನೆ ತುಂಬಿದಾಗ ಅವುಗಳ ಹಿಂದಿರುವ ಮನುಷ್ಯರು ಮರೆಯಾಗುತ್ತಾರೆ; ಹಣ ಕೊಟ್ಟೆವು, ಪಡೆದೆವು, ಲೆಕ್ಕ ಮುಗಿಯಿತೆಂಬ ಭಾವನೆ ಉಳಿಯುತ್ತದೆ. ಕೈಯಾರೆ ಹೆಚ್ಚಿದ ಕೊಬ್ಬರಿಯಲ್ಲಿ, ನೆರೆಯವಳು ಬೀಸಿಸಿ ತಂದ ಹಿಟ್ಟಿನಲ್ಲಿ, ಆ ಲೆಕ್ಕ ಎಂದೂ ಮುಗಿಯದು. ಮುಗಿಯದೆ ಉಳಿದ ಆ ಲೆಕ್ಕವೇ ಮನುಷ್ಯರನ್ನು ಒಬ್ಬರಿಗೊಬ್ಬರು ಕಟ್ಟಿಹಾಕುತ್ತದೆ. ಕೊಟ್ಟವರ ಮುಖ ಕಾಣುವಷ್ಟು ಚಿಕ್ಕದಾಗಿ ಹಬ್ಬವನ್ನು ಇರಿಸಿಕೊಳ್ಳುವುದು, ಇದೇ ಸರಳತೆಯ ನಿಜವಾದ ಪ್ರಯೋಜನವೆಂದು ನಾನು ನಂಬಿದ್ದೇನೆ. ಊರು ಬಿಟ್ಟು ಬಂದವರಿಗೆ ಇದು ಇನ್ನಷ್ಟು ಅಗತ್ಯ; ಏಕೆಂದರೆ ಅವರು ಒಯ್ದದ್ದು ಸ್ವಲ್ಪ, ಬಂದ ನೆಲ ಕೊಟ್ಟದ್ದು ಬಹಳ, ಎಂಬುದನ್ನು ವರ್ಷಕ್ಕೊಮ್ಮೆಯಾದರೂ ಎಣಿಸಿ ನೋಡದಿದ್ದರೆ, ಎಷ್ಟು ವರ್ಷ ಬಾಡಿಗೆ ಕೊಟ್ಟರೂ ಅವರು ಅಲ್ಲಿನವರಾಗಲಾರರು.

ಆದಕಾರಣ ಬರುವ ಸಂಕ್ರಾಂತಿಯಲ್ಲಿ ಓದುಗರು ಎಲ್ಲಿಯೇ ಇರಲಿ, ಊಟಕ್ಕೆ ಮುಂಚೆ ಮನೆಯ ಕಿರಿಯ ಮಗುವಿನಿಂದ ಎಲೆಯ ಮೇಲಿನ ಪದಾರ್ಥಗಳನ್ನು ಕೊಟ್ಟವರ ಪಟ್ಟಿಯನ್ನು ಹೇಳಿಸಬೇಕೆಂದೂ, ಆ ಪಟ್ಟಿಯಲ್ಲಿ ಕೈಗೆಟಕುವಷ್ಟು ಹತ್ತಿರವಿರುವವರಿಗೆ ಅಂದೇ ಎಳ್ಳುಬೆಲ್ಲ ಮುಟ್ಟಿಸಬೇಕೆಂದೂ ವಿನಂತಿ. ಓಣಿಯನ್ನು ಗುಡಿಸುವವರು, ಹಾಲು ತರುವವರು, ಮನೆಯ ಕಾವಲಿನವರು, ಊರಿಗೆ ಹೋಗಲಾಗದೆ ಕೋಣೆಯಲ್ಲಿ ಉಳಿದ ತರುಣರು, ಇವರೆಲ್ಲ ಆ ಪಟ್ಟಿಗೆ ಸೇರಿದವರೇ. ನಮ್ಮ ಮಾನೇಸರದ ಮನೆಯಲ್ಲಿ ಅಂದು ಹಾಗೆಯೇ ಮಾಡಿದೆವು. ಮಗನು ಮಧ್ಯಾಹ್ನದ ಪಾಳಿಗೆ ಹೊರಟಾಗ, ತನ್ನ ಸಾಲಿನಲ್ಲಿ ದುಡಿಯುವ ಸಂಗಡಿಗರೆಲ್ಲರಿಗೂ ಸಾಲುವಷ್ಟು ಪೊಟ್ಟಣಗಳನ್ನು ಅವನ ಚೀಲಕ್ಕೆ ತುಂಬಿದೆವು. ಅಷ್ಟು ಕೊಟ್ಟ ಮೇಲೂ ನಮ್ಮ ಋಣ ತೀರಿತೆಂದು ನಾವು ತಿಳಿಯಲಿಲ್ಲ; ತೀರುವಂಥದಲ್ಲವೆಂದು ಅರಿತು, ಮುಂದಿನ ವರ್ಷ ಎಳ್ಳನ್ನು ಇನ್ನೂ ಎರಡು ಸೇರು ಹೆಚ್ಚಾಗಿ ತರಬೇಕೆಂದು ಗೊತ್ತುಮಾಡಿಕೊಂಡೆವು.